ಮಂಡಿ ಬಿಲ್ಲಿನ ಮೇಲೆ ನಿಂತ ನನ್ನ ಕ್ಯಾಮೆರಾ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ನಾನು ಪತ್ರಿಕೋದ್ಯಮ ಪದವಿಯ ಎರಡನೆಯ ವರ್ಷದಲ್ಲಿದ್ದೆ. ಸುದ್ದಿವಾಹಿನಿಗಳೆಲ್ಲ ನಮ್ಮೂರ ಮಂಡಿಗಳಿಗೆ ಬಂದು ಹೋಗುತ್ತಿದ್ದ ದಿನಗಳವು. ತರಗತಿಗೆ ಒಂದು ಕಿರುಚಿತ್ರ ಒಪ್ಪಿಸಬೇಕಿದ್ದುದರಿಂದ ನಾನೂ ಫೋನ್ ಹಿಡಿದು ಬೆಳಗಿನ ಹರಾಜಿಗೆ ಹೋದೆ. ಅಂದು ಮಾಡಿದ ಎರಡೂವರೆ ನಿಮಿಷದ ವಿಡಿಯೊ ನನಗೆ ಒಳ್ಳೆಯ ಅಂಕವನ್ನೂ, ಸಾವಿರಾರು ವೀಕ್ಷಣೆಗಳನ್ನೂ ತಂದುಕೊಟ್ಟಿತು. ಅದರಲ್ಲಿ ಏನೇನು ತಪ್ಪಿತ್ತು ಎಂಬುದನ್ನು ಅರಿತು, ಅದೇ ವಿಷಯವನ್ನು ಮತ್ತೆ ಮೊದಲಿನಿಂದ ಚಿತ್ರೀಕರಿಸಿ ಮುಗಿಸುವುದಕ್ಕೆ ಸುಮಾರು ಒಂದು ವರ್ಷವೇ ಹಿಡಿಯಿತು.

ವಿಡಿಯೊದ ಎಲ್ಲರೂ ಮೆಚ್ಚಿದ ದೃಶ್ಯವೆಂದರೆ ಮಂಡಿ ಬಿಲ್ಲಿನದು. ಶ್ರೀನಿವಾಸಪುರದ ಕಡೆಯ ಬೆಳೆಗಾರರೊಬ್ಬರು ಹರಾಜು ಮುಗಿಸಿ ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ನಾನು ಹತ್ತಿರ ಸರಿದು ಕ್ಯಾಮೆರಾವನ್ನು ಆ ಕಾಗದದ ಮೇಲೆ ನಾಲ್ಕು ಸೆಕೆಂಡು ನಿಲ್ಲಿಸಿದೆ. ಕಾರ್ಬನ್ ಹಾಳೆಯ ನೀಲಿ ಅಕ್ಷರದಲ್ಲಿ ಅವರ ಹೆಸರು, ಊರು, ಬಾಕ್ಸುಗಳ ಲೆಕ್ಕ, ದರ, ಕೆಳಗೆ ಗೆರೆ ಎಳೆದು ಬರೆದ ಒಟ್ಟು ಮೊತ್ತ, ಎಲ್ಲವೂ ಸ್ಪಷ್ಟವಾಗಿ ಓದಲು ಬರುತ್ತಿದ್ದವು. ಅವರು ತಲೆಯೆತ್ತಿ ನಕ್ಕರು. ಆ ನಗುವನ್ನೇ ನಾನು ಒಪ್ಪಿಗೆಯೆಂದು ತಿಳಿದುಕೊಂಡೆ.

ಎರಡು ವಾರದ ಮೇಲೆ ಅವರು ಮಂಡಿಯವರಿಂದ ನನ್ನ ನಂಬರು ಪಡೆದು ಫೋನ್ ಮಾಡಿದರು. ಬೈಯಲಿಲ್ಲ; ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಹಿಂದಿನ ವರ್ಷ ಕೈಸಾಲ ಕೊಟ್ಟವರೆಲ್ಲ ಒಂದೇ ವಾರದಲ್ಲಿ ಮನೆಗೆ ಬಂದರೆಂದೂ, ಆ ಬೆಳೆಯಲ್ಲಿ ಅಣ್ಣನಿಗೂ ಪಾಲಿದ್ದುದರಿಂದ ಮೊತ್ತದ ವಿಚಾರದಲ್ಲಿ ಮನೆಯೊಳಗೆ ಮಾತು ಬೆಳೆಯಿತೆಂದೂ, ಟೊಮೆಟೊ ಕಳವಿನ ಸುದ್ದಿ ಎಲ್ಲೆಡೆ ಕೇಳಿಬರುತ್ತಿದ್ದಾಗ ತಮ್ಮ ಊರಿನ ಹೆಸರೂ ಎಲ್ಲರಿಗೂ ಗೊತ್ತಾಗಿದ್ದರಿಂದ ರಾತ್ರಿ ತೋಟದಲ್ಲೇ ಮಲಗುತ್ತಿದ್ದೇನೆಂದೂ ಹೇಳಿದರು. ನಾನು ಕೂಡಲೇ ವಿಡಿಯೊ ಅಳಿಸಿದೆ. ಆದರೆ ಅಷ್ಟರಲ್ಲಿ ಅದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಿ, ಅಲ್ಲಿಂದ ಯಾರ್ಯಾರದೋ ಸ್ಟೇಟಸ್‌ಗೆ ಏರಿತ್ತು. ನನ್ನ ಫೋನಿನಲ್ಲಿ ಅಳಿಸಿದ್ದರಿಂದ ಅವರಿಗೆ ಏನೂ ಪ್ರಯೋಜನವಾಗಲಿಲ್ಲ.

ಮೊದಮೊದಲು ನಾನು ನನ್ನನ್ನು ಸಮರ್ಥಿಸಿಕೊಳ್ಳುತ್ತಿದ್ದೆ. ಮಾರುಕಟ್ಟೆ ನಾಲ್ಕು ಜನ ಓಡಾಡುವ ಜಾಗ, ಹರಾಜಿನಲ್ಲಿ ದರವನ್ನು ಕೂಗಿಯೇ ಹೇಳುತ್ತಾರೆ, ಅದರಲ್ಲಿ ಗುಟ್ಟೇನಿದೆ ಎಂದು ವಾದಿಸುತ್ತಿದ್ದೆ. ಆದರೆ ಹರಾಜಿನ ಸುತ್ತ ನಿಂತ ಇಪ್ಪತ್ತು ಜನ ಕೇಳಿಸಿಕೊಂಡು ಸಂಜೆಗೆ ಮರೆಯುವ ಅಂಕಿ ಬೇರೆ. ಅದೇ ಅಂಕಿ ಹೆಸರು, ಊರು, ಮುಖದ ಜೊತೆ ಸೇರಿ ಯಾರು ಯಾವಾಗ ಬೇಕಾದರೂ ನಿಲ್ಲಿಸಿ ಓದಬಹುದಾದ ಚಿತ್ರವಾಗುವುದು ಬೇರೆ. ಖಾಸಗಿತನವೆಂದರೆ ಬಾಗಿಲು ಮುಚ್ಚಿದ ಕೋಣೆಯ ವಿಷಯ ಎಂದುಕೊಂಡಿದ್ದ ನನಗೆ, ತನ್ನ ವಿಚಾರ ಯಾರಿಗೆ ಎಷ್ಟು ತಿಳಿಯಬೇಕೆಂದು ತಾನೇ ನಿರ್ಧರಿಸುವ ಅಧಿಕಾರವೂ ಅದರಲ್ಲಿದೆ ಎಂಬುದು ಆ ಫೋನ್ ಕರೆಯಿಂದ ತಿಳಿಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದನ್ನು ನಾನು ಪರೀಕ್ಷೆಗೆಂದು ಓದಿದ್ದೆ. ಆ ಅರ್ಜಿಯನ್ನು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಂಬುದನ್ನೂ ಬಾಯಿಪಾಠ ಮಾಡಿದ್ದೆ. ಓದಿದ್ದನ್ನು ಮಂಡಿಯವರೆಗೆ ಕೊಂಡೊಯ್ದಿರಲಿಲ್ಲ.

ನನ್ನ ವಿಡಿಯೊ ಬಂದ ಮರುತಿಂಗಳು, 2023ರ ಆಗಸ್ಟ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟವರು ಅದನ್ನು ಸುಲಭವಾಗಿ ಹಿಂಪಡೆಯುವಂತಿರಬೇಕು. ವಿದ್ಯಾರ್ಥಿಯ ವಿಡಿಯೊಗೆ ಈ ಕಾಯ್ದೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬ ಚರ್ಚೆಗೆ ಹೋಗದೆ, ಆ ಅಳತೆಯನ್ನು ನನ್ನ ಕೆಲಸಕ್ಕೆ ಇಟ್ಟುಕೊಂಡೆ. ಈಗ ನಾನು ಮೊದಲು ಫೋನನ್ನು ಜೇಬಿನಲ್ಲಿಟ್ಟು ಮಾತಾಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮನೆಮಾತು ತೆಲುಗಾಗಿರುವವರು ಬಹಳ ಜನರಿರುವುದರಿಂದ ಅವರಿಗೆ ತೆಲುಗಿನಲ್ಲೇ ವಿವರಿಸುತ್ತೇನೆ. ಚಿತ್ರೀಕರಿಸಿದ್ದನ್ನು ಅಲ್ಲೇ ತೋರಿಸುತ್ತೇನೆ, ಎಡಿಟಿಂಗ್ ಮುಗಿದ ಮೇಲೆ ಮತ್ತೊಮ್ಮೆ ತೋರಿಸುತ್ತೇನೆ, ಬೇಡವೆಂದರೆ ತೆಗೆಯುತ್ತೇನೆ. ಹದಿನೆಂಟು ತುಂಬದವರ ಮುಖವನ್ನು ತಂದೆತಾಯಿಯ ಒಪ್ಪಿಗೆಯಿಲ್ಲದೆ ತೋರಿಸುವುದಿಲ್ಲ. ಇದರಿಂದ ಕೆಲಸ ನಿಧಾನವಾಗುತ್ತದೆ, ಕೆಲವು ಒಳ್ಳೆಯ ದೃಶ್ಯಗಳು ಕೈತಪ್ಪುತ್ತವೆ. ತಪ್ಪಲಿ ಎನ್ನುವುದೇ ನನ್ನ ನಿಲುವು.

ಎರಡನೆಯ ತಪ್ಪು ಕಾಣಲು ಇನ್ನಷ್ಟು ಕಾಲ ಬೇಕಾಯಿತು, ಏಕೆಂದರೆ ಅದು ನನ್ನ ಜಾಣತನದ ವೇಷದಲ್ಲಿತ್ತು. ಮುಂದಿನ ಸೆಮಿಸ್ಟರ್‌ನಲ್ಲಿ, ಒಂದು ಇಡೀ ದಿನ ನಮ್ಮ ಮನವೊಲಿಸಲು ಬರುವ ಪ್ರತಿಯೊಂದು ಸಂದೇಶವನ್ನೂ ಬರೆದಿಡಬೇಕೆಂದು ನಮ್ಮ ಅಧ್ಯಾಪಕರು ಹೇಳಿದರು. ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲೇ ನನ್ನ ನೋಟ್‌ಬುಕ್ಕಿನ ಎರಡು ಪುಟ ತುಂಬಿತು. ಗೋಡೆಬರಹದ ಸಿಮೆಂಟು ಜಾಹೀರಾತು, ಸೀಟಿನ ಹಿಂದಿನ ಕೋಚಿಂಗ್ ಸೆಂಟರು, ಹಣ ಪಡೆದಿದ್ದನ್ನು ಹೇಳದೆ ಹೋಟೆಲೊಂದನ್ನು ಹೊಗಳುವ ರೀಲ್ಸ್. ಬಸ್ ನಿಲ್ದಾಣದಲ್ಲಿ ಯಾರೋ ಕೈಗಿಟ್ಟ ಕರಪತ್ರದಲ್ಲಿ ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುವ ಪುಡಿಯ ಪ್ರಚಾರವಿತ್ತು. ಮಧುಮೇಹ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಎಪ್ಪತ್ತು ವರ್ಷದ ಕಾನೂನು, ಆದರೂ ಕರಪತ್ರದ ಶಾಯಿ ಹಸಿಯಾಗಿಯೇ ಇತ್ತು. ಸಕ್ಕರೆ ಕಾಯಿಲೆಯಿರುವ ನನ್ನ ಅಜ್ಜಿಯ ಕೈಗೆ ಅದು ಸಿಕ್ಕಿದ್ದರೆ ಎಂಬ ಯೋಚನೆ ಈಗಲೂ ನನ್ನನ್ನು ಕಾಡುತ್ತದೆ.

ಆ ಕರಪತ್ರವನ್ನು ತರಗತಿಯಲ್ಲಿ ಬಿಡಿಸಿ ನೋಡಿದೆವು. ನಗುವ ಒಂದು ಮುಖ, ದಪ್ಪ ಅಕ್ಷರದ ಒಂದು ಅಂಕಿ, ಉಳಿದದ್ದರ ಬಗ್ಗೆ ಮೌನ. ನನ್ನ ವಿಡಿಯೊದ ಕಟ್ಟೋಣವೂ ಅದೇ ಆಗಿತ್ತು. ನಾನು ಅಂದು ಐದು ಹರಾಜುಗಳನ್ನು ಚಿತ್ರೀಕರಿಸಿ, ಎಲ್ಲಕ್ಕಿಂತ ಹೆಚ್ಚು ದರ ಸಿಕ್ಕ ಒಂದನ್ನು ಮಾತ್ರ ಉಳಿಸಿಕೊಂಡಿದ್ದೆ. ಸಸಿ, ಕೋಲು, ದಾರ, ಔಷಧಿ, ಕೂಲಿ, ಸಾಗಣೆಯ ಖರ್ಚನ್ನು ಆ ಬೆಳೆಗಾರರು ಬೆರಳು ಮಡಚಿ ಎಣಿಸಿ ಹೇಳಿದ್ದ ನಲವತ್ತು ಸೆಕೆಂಡನ್ನು, ಓಟ ಕುಂದುತ್ತದೆಂದು ಕತ್ತರಿಸಿದ್ದೆ. ನಾನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಆದರೂ ನೋಡಿದವರು ಅವರನ್ನು ಲಕ್ಷಾಧಿಪತಿಯೆಂದು ನಂಬಿದ್ದು ಆ ಕತ್ತರಿಯಿಂದಲೇ.

ಕೃತಿಸ್ವಾಮ್ಯದ ತಪ್ಪು ಇವೆರಡರಷ್ಟು ಯಾರನ್ನೂ ನೋಯಿಸಲಿಲ್ಲ. ಹಿನ್ನೆಲೆಗೆ ಒಂದು ಚಿತ್ರಗೀತೆಯ ತುಣುಕು ಹಾಕಿದ್ದೆ, ಹತ್ತು ಸೆಕೆಂಡಿನವರೆಗೆ ಬಳಸಬಹುದೆಂದು ಗೆಳೆಯರು ಹೇಳಿದ್ದನ್ನು ನಂಬಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಸೆಕೆಂಡುಗಳ ಲೆಕ್ಕವೇ ಇಲ್ಲ. ವಿಮರ್ಶೆ, ವರದಿ, ಖಾಸಗಿ ಅಧ್ಯಯನದಂಥ ಉದ್ದೇಶಗಳಿಗೆ ನ್ಯಾಯಯುತ ಬಳಕೆಯ ಅವಕಾಶವಿದೆ, ಅಲಂಕಾರಕ್ಕೆಂದು ಹಾಕಿದ ಹಾಡು ಅದರೊಳಗೆ ಬರುವುದಿಲ್ಲ. ಮುಳಬಾಗಿಲಿನಲ್ಲೇ ಹುಟ್ಟಿದ ಡಿ.ವಿ.ಜಿ.ಯವರ ಕಗ್ಗವನ್ನು ನಾವೆಲ್ಲ ಹೆಸರೂ ಹಾಕದೆ ಸ್ಟೇಟಸ್‌ಗೆ ಏರಿಸುತ್ತೇವೆ. ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುವುದರಿಂದ, 1975ರಲ್ಲಿ ತೀರಿಕೊಂಡ ಅವರ ಬರಹಗಳ ಹಕ್ಕು 2035ರ ಕೊನೆಯವರೆಗೂ ಇರುತ್ತದೆ. ಹೊಸ ಚಿತ್ರಕ್ಕೆ ನಮ್ಮ ಬೀದಿಯ ಅಜ್ಜಿಯೊಬ್ಬರಿಂದ ಸೋಬಾನೆ ಹಾಡಿಸಿಕೊಂಡೆ. ಪದ ತಲೆಮಾರುಗಳಿಂದ ಬಂದದ್ದಾದರೂ ಹಾಡಿಕೆಯ ಮೇಲೆ ಹಾಡಿದವರಿಗೆ ಹಕ್ಕಿದೆ ಎಂದು ಅವರಿಗೆ ವಿವರಿಸಿ, ಒಪ್ಪಿಗೆ ಪಡೆದು, ಕೊನೆಯಲ್ಲಿ ಅವರ ಹೆಸರು ಹಾಕಿದೆ.

2024ರ ಬೇಸಿಗೆಯಲ್ಲಿ ಅದೇ ಬೆಳೆಗಾರರ ತೋಟಕ್ಕೆ ಹೋದೆ. ಅವರು ಬಹಳ ಹೊತ್ತು ಯೋಚಿಸಿ, ಕೈಗಳನ್ನು ಮಾತ್ರ ತೋರಿಸಬಹುದು, ಖರ್ಚಿನ ಲೆಕ್ಕವನ್ನು ಪೂರ್ತಿ ಇಡಬೇಕು ಎಂದರು. ಎಂಟು ನಿಮಿಷದ ಚಿತ್ರ ಸಿದ್ಧವಾದ ಮೇಲೆ ಅವರ ಮನೆಯ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ತೋರಿಸಿದೆ. ಕೊನೆಯವರೆಗೂ ಮಾತಾಡದೆ ನೋಡಿದವರು, ಒಂದು ಕಡೆ ಹಿಂದಕ್ಕೆ ಹಾಕಲು ಹೇಳಿ, ಬಾಕ್ಸುಗಳ ರಾಶಿಯ ಹಿಂದೆ ನಿಂತಿದ್ದ ತಮ್ಮ ಬೈಕಿನ ನಂಬರ್ ಪ್ಲೇಟನ್ನು ಬೆರಳಿಟ್ಟು ತೋರಿಸಿದರು. ನಾನು ಆ ದೃಶ್ಯವನ್ನು ಹತ್ತಾರು ಬಾರಿ ನೋಡಿದ್ದೆ, ಅದು ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲೇ ಕುಳಿತು ಅದನ್ನು ಮಸುಕು ಮಾಡಿ ಮತ್ತೆ ತೋರಿಸಿದೆ.