ಒಂದೇ ದಿನದಲ್ಲಿ ಮೋಂ ಸಾಂ ಮಿಶೆಲ್ ಮತ್ತು ಸಾಂ ಮಾಲೋ: ಬಿದಿಗೆ ನೋಡಿ ಹೊರಟ ನನ್ನ ಅನುಭವ

ಫ್ರಾನ್ಸ್‌ನ ವಾಯವ್ಯ ಕರಾವಳಿಯ ಮೋಂ ಸಾಂ ಮಿಶೆಲ್ ಮಠ, ಸಾಂ ಮಾಲೋ ಬಂದರು, ಎರಡನ್ನೂ ಒಂದೇ ದಿನದಲ್ಲಿ ಸರಿಯಾಗಿ ನೋಡೋಕೆ ಆಗಲ್ಲ ಅಂತ ಪ್ಯಾರಿಸ್‌ನ ನಮ್ಮ ಕನ್ನಡ ಗೆಳೆಯರೆಲ್ಲ ಹೇಳಿದ್ದರು. ನನ್ನ ಲೆಕ್ಕದಲ್ಲಿ ‘ಸರಿಯಾಗಿ’ ಅಂದರೆ ಎರಡು ವಿಷಯ. ಮಠದ ಗುಡ್ಡವನ್ನು ಸಮುದ್ರ ಸುತ್ತುವರಿಯುವುದನ್ನು ಕಣ್ಣಾರೆ ನೋಡಬೇಕು. ಸಾಂ ಮಾಲೋದಲ್ಲಿ ನೀರು ಇಳಿದಾಗ ಗ್ರಾಂ ಬೇ ದ್ವೀಪಕ್ಕೆ ನಡೆದೇ ಹೋಗಬೇಕು. ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಆಯಿತು. ಅದೂ ಎಪ್ಪತ್ತು ದಾಟಿದ ಅತ್ತೆ ಮಾವನ ಜೊತೆ.

ಇದಕ್ಕೆ ಮೊದಲು ಕಳೆದುಕೊಂಡ ದುಡ್ಡಿನ ಕಥೆ ಹೇಳಬೇಕು. ಮೊದಲು ನಾನು, ಹೆಂಡತಿ ಪ್ಯಾರಿಸ್‌ನಿಂದ ಪ್ಯಾಕೇಜ್ ಬಸ್‌ನಲ್ಲಿ ಹೋಗಿದ್ದೆವು. ತಲೆಗೆ 160 ಯುರೋ. ಬೆಳಗ್ಗೆ ಏಳಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ವಾಪಸ್. ಅಲ್ಲಿ ಸಿಕ್ಕಿದ್ದು ಮೂರು ಗಂಟೆ. ಸಮುದ್ರ ಹತ್ತು ಕಿಲೋಮೀಟರ್‌ಗೂ ಆಚೆ ಇತ್ತು, ನಮಗೆ ಕಂಡಿದ್ದು ಬರೀ ಕೆಸರು. ಗಲ್ಲಿಯ ಒಂದು ಹೋಟೆಲ್‌ನಲ್ಲಿ ಆಮ್ಲೆಟ್‌ಗೆ ಮೂವತ್ತು ಚಿಲ್ಲರೆ ಯುರೋ ಕಿತ್ತುಕೊಂಡರು. ನೊರೆ ಚೆನ್ನಾಗಿತ್ತು, ಒಳಗೆ ಏನೂ ಇರಲಿಲ್ಲ.

ಆಮೇಲೆ ರೈಲು ಮತ್ತು ಬಸ್. ರೆನ್ ನಗರದವರೆಗೆ ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಬಸ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ. ಕಾಗದದ ಮೇಲೆ ಸೊಗಸು. ಆವತ್ತು ರೈಲು ತಡವಾಯಿತು, ಬಸ್ ನಮಗಾಗಿ ಕಾಯಲಿಲ್ಲ, ಟ್ಯಾಕ್ಸಿಗೆ 150ರ ಹತ್ತಿರ ಹೋಯಿತು. ಸಾಂ ಮಾಲೋ ಬಿಟ್ಟುಹೋಯಿತು.

ಮೂರನೆಯದು ಬಾಡಿಗೆ ಕಾರು. ಅದೇ ನನಗೆ ಪಾಠ ಕಲಿಸಿದ್ದು. ಸಮಯ ಬೇಕಾದಷ್ಟಿತ್ತು, ಆದರೆ ಆವತ್ತಿನ ಕೋಎಫಿಶಿಯೆಂಟ್, ಅಂದರೆ ಭರತ (ಸಮುದ್ರದ ಉಬ್ಬರ) ಎಷ್ಟು ದೊಡ್ಡದು ಅಂತ ಹೇಳುವ ಅಂಕಿ, 40ರ ಆಸುಪಾಸು. ಮಠದ ಬುಡಕ್ಕೆ ನೀರು ಬರಲೇ ಇಲ್ಲ. ಸಾಂ ಮಾಲೋದಲ್ಲಿ ಮಾತ್ರ ಮಧ್ಯಾಹ್ನ ಸರಿಯಾಗಿ ಭರತ, ಗ್ರಾಂ ಬೇ ದಾರಿ ಮುಳುಗಿತ್ತು. ಎರಡೂ ಕಡೆ ಉಲ್ಟಾ!

ಗುಟ್ಟು ಇಲ್ಲೇ ಇದೆ. ಈ ಕರಾವಳಿಯಲ್ಲಿ ದೊಡ್ಡ ಭರತ ಯಾವಾಗಲೂ ಬೆಳಗ್ಗೆ ಮತ್ತು ಸಂಜೆಯೇ ಬರುತ್ತದೆ. ಆ ದಿನಗಳಲ್ಲಿ ಇಳಿತ ಬೀಳುವುದು ನಡು ಮಧ್ಯಾಹ್ನಕ್ಕೆ. ಸಣ್ಣ ಭರತದ ದಿನಗಳಲ್ಲಿ ಇದೇ ತಿರುಗುಮುರುಗು. ಹಾಗಾಗಿ ರೈಲಿನ ವೇಳಾಪಟ್ಟಿ ನೋಡಿ ದಿನ ಆರಿಸಬಾರದು, ಸಮುದ್ರದ ವೇಳಾಪಟ್ಟಿ ನೋಡಬೇಕು. ಎಲ್ಲರೂ ಮಾಡುವ ಹಾಗೆ ಮಠಕ್ಕೆ ಬೆಳಗ್ಗೆ ಹೋಗಬಾರದು. ಸಾಂ ಮಾಲೋ ಮೊದಲು, ಮಠ ಸಂಜೆಗೆ.

ಕೋಎಫಿಶಿಯೆಂಟ್ 20ರಿಂದ 120ರವರೆಗೆ ಇರುತ್ತದೆ. 110 ದಾಟಿದರೆ ಮಠದ ಬಾಗಿಲ ಬಳಿ ಸೇತುವೆಯ ತುದಿಯೂ ಸ್ವಲ್ಪ ಹೊತ್ತು ಮುಳುಗುತ್ತದೆ, ಆಚೆ ಈಚೆ ಹೋಗೋಕೆ ಆಗಲ್ಲ. ವಯಸ್ಸಾದವರ ಜೊತೆ ಆ ಶೋಕಿ ಬೇಡ. ನನಗೆ ಬೇಕಿದ್ದಿದ್ದು 100ರಿಂದ 108ರೊಳಗೆ. ಇಂಥ ದಿನಗಳು ಮಾರ್ಚ್ ಮತ್ತು ಸೆಪ್ಟೆಂಬರ್ ಸುತ್ತಮುತ್ತ ಜಾಸ್ತಿ. ನಾನು ಸ್ಪ್ರೆಡ್‌ಶೀಟ್ ಮಾಡಿಕೊಂಡು ಕೂತಿದ್ದೆ. ಅತ್ತೆ ಮೈಸೂರಿನಿಂದ ತಂದಿದ್ದ ಪಂಚಾಂಗ ತೆಗೆದರು. “ಮಹಾಲಯ ಅಮಾವಾಸ್ಯೆ ದಿನ ಪ್ರಯಾಣ ಬೇಡಪ್ಪ. ಪಾಡ್ಯನೂ ಬೇಡ. ಬಿದಿಗೆ ಆಗಲಿ” ಅಂದರು. ಸ್ಪ್ರೆಡ್‌ಶೀಟ್ ನೋಡಿದರೆ ಬಿದಿಗೆಯೇ! ಇದು ಪವಾಡ ಅಲ್ಲ. ಅಮಾವಾಸ್ಯೆ ಕಳೆದು ಸುಮಾರು ಒಂದೂವರೆ ದಿನಕ್ಕೆ ಇಲ್ಲಿನ ಭರತ ತುದಿ ಮುಟ್ಟುತ್ತದೆ. ಮಹಾಲಯ ಬರುವುದೂ ಹಗಲು ರಾತ್ರಿ ಸಮ ಆಗುವ ದಿನದ ಹತ್ತಿರವೇ. ಇನ್ನುಮೇಲೆ ನಾನೂ ಪಂಚಾಂಗವನ್ನೇ ಮೊದಲು ನೋಡುತ್ತೇನೆ. ಒಂದು ಎಚ್ಚರ: ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಭರತದ ಪಟ್ಟಿಯಲ್ಲಿ ಆ ಗಂಟೆ ಸೇರಿಸಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಒಂದು ಗಂಟೆ ತಪ್ಪಿದರೆ ಇಡೀ ಲೆಕ್ಕ ಕೆಡುತ್ತದೆ.

ಹಿಂದಿನ ರಾತ್ರಿಯೇ ರೆನ್ ಸೇರಿಕೊಂಡೆವು. ಇದು ಮೋಸ ಅಂತ ಗೆಳೆಯರು ಈಗಲೂ ವಾದ ಮಾಡುತ್ತಾರೆ. ಮಾಡಲಿ. ರೆನ್‌ನಿಂದ ಸಾಂ ಮಾಲೋ, ಅಲ್ಲಿಂದ ಮಠ, ಮಠದಿಂದ ರೆನ್, ಮೂರೂ ಒಂದೊಂದು ಗಂಟೆಯ ದಾರಿ.

ಎಂಟೂಕಾಲಿಗೆ ಸಾಂ ಮಾಲೋದ ಸಿಯೋಂ ದಂಡೆಯಲ್ಲಿದ್ದೆವು. ಸಮುದ್ರ ತುಂಬಿ ನಿಂತಿತ್ತು. ಅಲೆ ತಡೆಯಲು ನೆಟ್ಟಿರುವ ಓಕ್ ಮರದ ಕಂಬಗಳ ಮೇಲೆ ನೀರು ಹೊಡೆಯುತ್ತಿತ್ತು. ಬೋನ್ ಸೆಕೂರ್ ದಂಡೆಯ ಈಜುಕೊಳ ಪೂರ್ತಿ ಮುಳುಗಿ, ಧುಮುಕುವ ಕಟ್ಟೆ ಒಂದೇ ನೀರಿನ ನಡುವೆ ಕಾಣುತ್ತಿತ್ತು. ಅದರ ಫೋಟೋ ತೆಗೆದು ನಿಂತ ಜಾಗಕ್ಕೆ ಗುರುತು ಮಾಡಿಕೊಂಡೆ. ಮಧ್ಯಾಹ್ನ ಅದೇ ಜಾಗದಿಂದ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಊರು ಅನ್ನಬೇಕು. ಈ ಕೊಲ್ಲಿಯಲ್ಲಿ ನೀರಿನ ಏರಿಳಿತ 13-14 ಮೀಟರ್‌ವರೆಗೆ ಹೋಗುತ್ತದೆ, ನಾಲ್ಕು ಮಹಡಿ ಎತ್ತರ.

ಮಾವ ಶರಾವತಿ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತರಾದವರು. ಅವರಿಗೋಸ್ಕರ ಅಲ್ಲೇ ಪಕ್ಕದ ರಾನ್ಸ್ ನದಿಯ ಅಣೆಕಟ್ಟಿಗೆ ಹೋಗಿಬಂದೆವು. 1966ರಲ್ಲಿ ಶುರುವಾದ ಭರತದ ನೀರಿನ ವಿದ್ಯುತ್ ಸ್ಥಾವರ. 24 ಟರ್ಬೈನ್, 240 ಮೆಗಾವ್ಯಾಟ್. “ನಮ್ಮ ಶರಾವತಿ 1035. ಇದು ಅದರ ಕಾಲು ಭಾಗವೂ ಇಲ್ಲ” ಅಂದರು ಮಾವ. ಆಮೇಲೆ ಅರ್ಧ ಗಂಟೆ ಕದಲಲಿಲ್ಲ. ಮಳೆಗೆ ಕಾಯಬೇಕಿಲ್ಲದ ಅಣೆಕಟ್ಟು ಅವರಿಗೆ ಹೊಟ್ಟೆಕಿಚ್ಚು ತರಿಸಿತ್ತು.

ಕೋಟೆ ಗೋಡೆಯ ಮೇಲೆ ಒಂದು ಸುತ್ತು ಎರಡು ಕಿಲೋಮೀಟರ್ ಒಳಗೇ. ಗೋಡೆ ಹಳೆಯದು. ಒಳಗಿನ ಊರು ಬಹುಪಾಲು ಹಳೆಯದಲ್ಲ. 1944ರ ಆಗಸ್ಟ್‌ನಲ್ಲಿ ಶೇಕಡ 80ರಷ್ಟು ಸುಟ್ಟು ನೆಲಸಮವಾಗಿತ್ತು, ಗ್ರಾನೈಟ್‌ನಲ್ಲಿ ಹಳೆಯ ರೂಪದಲ್ಲೇ ಮತ್ತೆ ಕಟ್ಟಿದ್ದಾರೆ. ಗೊತ್ತಿದ್ದು ನೋಡಿದರೆ ಇನ್ನೂ ಜಾಸ್ತಿ ಇಷ್ಟ ಆಗುತ್ತದೆ. ಈ ಊರಿನ ಹಡಗು ದಾಳಿಕೋರ ಸುರ್ಕೂಫ್‌ನ ಪ್ರತಿಮೆ ಸಮುದ್ರದ ಕಡೆ ಬೆರಳು ತೋರಿಸುತ್ತಾ ನಿಂತಿದೆ. 1800ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ‘ಕೆಂಟ್’ ಹಡಗನ್ನು ಹಿಡಿದವನು. 1746ರಲ್ಲಿ ಇಂಗ್ಲಿಷರಿಂದ ಮದ್ರಾಸ್ ಕಿತ್ತುಕೊಂಡ ಲಾ ಬೂರ್ದೊನೆ ಕೂಡ ಇದೇ ಊರಲ್ಲಿ ಹುಟ್ಟಿದವನು. ಊರಿನ ಮಂದಿಗೆ ಇವರೆಲ್ಲ ವೀರರು. ನಮ್ಮ ಕಡೆಯಿಂದ ನೋಡಿದರೆ ಕಳ್ಳರ ಮೇಲೆ ಕಳ್ಳರು ಬಿದ್ದ ಕಥೆ, ಅಲ್ವಾ?

ಮಧ್ಯಾಹ್ನದ ಹೊತ್ತಿಗೆ ಗ್ರಾಂ ಬೇ ದಾರಿ ಮೇಲೆದ್ದಿತ್ತು. ಕಲ್ಲಿನ ದಾರಿ, ಪಾಚಿ, ಜಾರುತ್ತದೆ. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ಮೇಲೆ ಶಾತೋಬ್ರಿಯಾಂ ಸಮಾಧಿ. ದೊಡ್ಡ ಸಾಹಿತಿ, ಆದರೆ ಕಲ್ಲಿನ ಮೇಲೆ ಹೆಸರೇ ಇಲ್ಲ, ಒಂದು ಶಿಲುಬೆ ಅಷ್ಟೇ.

ಊಟಕ್ಕೆ ಗಲೆತ್. ಬಕ್‌ವೀಟ್ ಹಿಟ್ಟು, ನೀರು, ಉಪ್ಪು ಹಾಕಿ ಮಾಡುವ ತೆಳ್ಳಗಿನ ದೋಸೆ ಅನ್ನಿ. ಮೆನುವಿನಲ್ಲಿರುವುದೆಲ್ಲ ಮೊಟ್ಟೆ, ಹಂದಿ ಮಾಂಸ. ಚೀಸ್ ಮತ್ತು ಅಣಬೆ ಮಾತ್ರ ಹಾಕಿ ಅಂದರೆ ಮಾಡಿಕೊಡುತ್ತಾರೆ, ಹನ್ನೊಂದೋ ಹನ್ನೆರಡೋ ಯುರೋ. ನಾವು ಹೋದ ಅಂಗಡಿಯ ಹೆಸರು ಹೇಳಲ್ಲ, ಎಂಟೇ ಮೇಜು ಇರುವುದು. ಆ ಹಿಟ್ಟು ಒಂದು ಕಿಲೋ ತಂದು ಮನೆಯಲ್ಲಿ ಪ್ರಯೋಗವನ್ನೂ ಮಾಡಿದೆ. ಉದ್ದಿನ ಹಿಟ್ಟು ಬೆರೆಸಿ ರಾತ್ರಿ ಹುದುಗಿಸಿದರೆ ಕಾವಲಿಗೆ ಅಂಟಿ ಹಾಳು. ಅರ್ಧಕ್ಕರ್ಧ ಅಕ್ಕಿ ಹಿಟ್ಟು ಸೇರಿಸಿ ನೀರುದೋಸೆ ಹದಕ್ಕೆ ಕಲಸಿದರೆ ಗರಿಗರಿ ಬರುತ್ತದೆ.

ಎರಡಕ್ಕೆ ಹೊರಟು ಮೂರೂಕಾಲಿಗೆ ಮಠದ ಪಾರ್ಕಿಂಗ್. ಅಲ್ಲಿಂದ ಎರಡೂವರೆ ಕಿಲೋಮೀಟರ್ ಉಚಿತ ಬಸ್. ಸೆಪ್ಟೆಂಬರ್‌ನಲ್ಲಿ ಮಠ ಆರಕ್ಕೆ ಮುಚ್ಚುತ್ತದೆ, ಒಂದು ಗಂಟೆ ಮೊದಲೇ ಒಳಗೆ ಬಿಡುವುದು ನಿಲ್ಲುತ್ತದೆ. ನಾಲ್ಕಕ್ಕೆ ಒಳಗಿದ್ದರೆ ನೆಮ್ಮದಿ. ಬೆಳಗಿನ ಪ್ಯಾಕೇಜ್ ಗುಂಪುಗಳೆಲ್ಲ ಆಗ ಇಳಿದು ಹೋಗುತ್ತಿರುತ್ತವೆ. ಮೇಲಕ್ಕೆ 350 ಮೆಟ್ಟಿಲು. “ಚಾಮುಂಡಿ ಬೆಟ್ಟದ ಸಾವಿರ ಹತ್ತಿದವನಿಗೆ ಇದೇನು ಲೆಕ್ಕ” ಅಂತ ಮಾವ ಮುಂದೆ ಹೋದರು. ನಾನೇ ಹಿಂದೆ ಏದುಸಿರು ಬಿಡುತ್ತಿದ್ದೆ.

ಒಳಗೆ ಎಲ್ಲವನ್ನೂ ನೋಡುವ ಹಟ ಬೇಡ. ಇಗರ್ಜಿಯಲ್ಲಿ ಹಿಂದಿನ ಭಾಗ 11ನೇ ಶತಮಾನದ ದಪ್ಪ ಕಲ್ಲಿನದು. ಮುಂದಿನ ಭಾಗ 1421ರಲ್ಲಿ ಕುಸಿದುಬಿದ್ದ ಮೇಲೆ ಬೇರೆ ಶೈಲಿಯಲ್ಲಿ ಎತ್ತರಕ್ಕೆ ಕಟ್ಟಿದ್ದು. ನಡುವೆ ನಿಂತು ಎರಡನ್ನೂ ಹೋಲಿಸಿ. ಅಲ್ಲಿಂದ ಕಂಬಗಳ ಅಂಗಳ. ಆಮೇಲೆ ದೊಡ್ಡ ಮರದ ಚಕ್ರ. 1863ರವರೆಗೆ ಈ ಮಠ ಜೈಲಾಗಿತ್ತು, ಕೈದಿಗಳು ಚಕ್ರದೊಳಗೆ ನಡೆದು ಸಾಮಾನು ಮೇಲಕ್ಕೆ ಎಳೆಯುತ್ತಿದ್ದರು. ಅದರ ಮುಂದೆ ಇಪ್ಪತ್ತು ನಿಮಿಷ ಕಳೆದೆವು.

ಆರೂವರೆಗೆ ಗೋಡೆಯ ಮೇಲೆ ಜಾಗ ಹಿಡಿದೆವು. ಎಲ್ಲಿ ಅಂತ ಕೇಳಬೇಡಿ, ಬರೆದರೆ ಮುಂದಿನ ಸಲ ನನಗೇ ಸಿಗಲ್ಲ. ಮೊದಲು ಕೇಳಿಸಿದ್ದು ಸದ್ದು. ಆಮೇಲೆ ದೂರದಲ್ಲಿ ಒಂದು ಬಿಳಿ ಗೆರೆ. ಕೂಯೆನೋಂ ನದಿ ಹಿಮ್ಮುಖವಾಗಿ ಹರಿಯತೊಡಗಿತು. ಒಂದು ಗಂಟೆಯೊಳಗೆ ನಾವು ಮಧ್ಯಾಹ್ನ ನೋಡಿದ ಮರಳೆಲ್ಲ ಮಾಯ. ಗೈಡ್ ಇಲ್ಲದೆ ಆ ಮರಳಿಗೆ ಇಳಿಯಬೇಡಿ ಅಂತ ಯಾಕೆ ಹೇಳುತ್ತಾರೆ ಅಂತ ಆಗ ಅರ್ಥವಾಗುತ್ತದೆ. ಒಂಬತ್ತರ ಮೇಲೆ ಬಸ್ ಹಿಡಿದು, ಹನ್ನೊಂದರ ಸುಮಾರಿಗೆ ರೆನ್.

ಲೆಕ್ಕ, ನೆನಪಿದ್ದ ಹಾಗೆ: ನಾಲ್ವರ ರೈಲು 240, ಎರಡು ರಾತ್ರಿ ಎರಡು ರೂಮು 220, ಕಾರು ಪೆಟ್ರೋಲ್ 90, ಮಠದ ಟಿಕೆಟ್ ಐವತ್ತು ಚಿಲ್ಲರೆ, ಪಾರ್ಕಿಂಗ್ ಊಟ ಸೇರಿ 80. ತಲೆಗೆ 170. ಪ್ಯಾಕೇಜ್‌ಗಿಂತ ಹತ್ತು ಯುರೋ ಜಾಸ್ತಿಯೇ, ಉಳಿಸಿದೆ ಅಂತ ಸುಮ್ನೆ ಹೇಳಲ್ಲ. ಕಾರು ವಾಪಸ್ ಕೊಡುವ ಮೊದಲು ಪೆಟ್ರೋಲನ್ನು ಸೂಪರ್ ಮಾರ್ಕೆಟ್ ಬಂಕ್‌ನಲ್ಲಿ ತುಂಬಿಸಿ, ಹೆದ್ದಾರಿಯಲ್ಲಿ ಬೇಡ. ರೂಮು ಮಾತ್ರ ಎರಡು ತಿಂಗಳು ಮುಂಚೆ ಹಿಡಿಯಿರಿ. ದೊಡ್ಡ ಭರತದ ದಿನ ಫ್ರೆಂಚರೂ ಬರುತ್ತಾರೆ, ಅವರಿಗೆ ಪಂಚಾಂಗ ಇಲ್ಲದಿದ್ದರೂ ಪಟ್ಟಿ ಇದೆ.