ಮುಖದ ಕೆಂಪು ನರಗಳಿಗೆ ಲೇಸರ್: ನನ್ನ ಅನುಭವ

"ಡಾಕ್ಟ್ರೇ, ಕೆನ್ನೆ ಮೇಲೆ ಕೆಂಪು ನರ ಎದ್ದಿದೆ, ಲೇಸರ್ ಹಾಕಿ ತೆಗೆದುಬಿಡಿ" ಎಂದು ಬರುವವರನ್ನು ಚರ್ಮದ ವೈದ್ಯೆಯಾಗಿ ನಾನು ಮೊದಲು ಕೇಳುವುದು, ಮುಖಕ್ಕೆ ಏನು ಹಚ್ಚುತ್ತಿದ್ದೀರಿ ಅಂತ. ಎಷ್ಟೋ ಜನರ ಬ್ಯಾಗಿನಿಂದ ಒಂದು ಟ್ಯೂಬ್ ಹೊರಬರುತ್ತದೆ. ಬಂಗು ಹೋಗಲಿ, ಬೆಳ್ಳಗಾಗಲಿ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಒಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ ಕಾಣತೊಡಗುತ್ತವೆ. ಕೆಂಪು ನರ ಎನ್ನುವುದು ಇವನ್ನೇ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಜನರಿಗೆ ಸಿಗುತ್ತಲೇ ಇದೆ, ಅದು ನನಗೆ ತುಂಬಾ ಬೇಸರದ ವಿಷಯ.

ಆ ಕ್ರೀಮ್ ಬಿಡದೆ ಲೇಸರ್ ಹಾಕಿಸಿದರೆ ದುಡ್ಡು ದಂಡ. ಬಿಟ್ಟ ಮೇಲೆ ಕೆಲವು ವಾರ ಮುಖ ಕೆಂಪೇರಿ ಉರಿಯಬಹುದು. ಅದು ತಣಿಯುವವರೆಗೆ ನಾನು ಮೆಷಿನ್ ಮುಟ್ಟುವುದಿಲ್ಲ.

ಜೇಡನಂಥ ನರ ಬೇರೆ. ನಡುವೆ ಕೆಂಪು ಚುಕ್ಕೆ, ಸುತ್ತ ಸಣ್ಣ ಎಳೆಗಳು. ಗಾಜಿನ ಸ್ಲೈಡ್ ಇಟ್ಟು ಒತ್ತಿದರೆ ಕೆಂಪು ಮಾಯ. ಕೈ ಸಡಿಲಿಸಿದರೆ ಚುಕ್ಕೆಯಿಂದ ಹೊರಕ್ಕೆ ರಕ್ತ ತುಂಬಿಕೊಳ್ಳುತ್ತದೆ. ಆ ಚುಕ್ಕೆಯನ್ನೇ ಮುಚ್ಚಬೇಕು. ಬಸುರಿಯರಲ್ಲಿ ಬಂದದ್ದು ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ, ಕಾಯಿರಿ ಎನ್ನುತ್ತೇನೆ. ಮುಖ, ಕತ್ತು, ಎದೆಯಲ್ಲೆಲ್ಲ ಒಟ್ಟಿಗೆ ಕಾಣಿಸಿಕೊಂಡರೆ ಮೊದಲು ಲಿವರ್ ಪರೀಕ್ಷೆ.

ಲೇಸರ್ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿ ಬಿಸಿಯಾಗುತ್ತದೆ, ನಾಳ ಮುಚ್ಚಿಕೊಳ್ಳುತ್ತದೆ. ಬಿಳಿಯರಿಗೆ 532 ಅಥವಾ 595 ನ್ಯಾನೊಮೀಟರ್ ತರಂಗಾಂತರದ ಬೆಳಕು ಚೆನ್ನಾಗಿ ಒಗ್ಗುತ್ತದೆ. ನಮ್ಮ ಗೋಧಿ ಬಣ್ಣದ, ಎಣ್ಣೆಗಪ್ಪಿನ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಕೂಡ ಅದನ್ನು ಹೀರುತ್ತದೆ. ಸುಟ್ಟು ಕಲೆಯಾಗುವ ಭಯ ಜಾಸ್ತಿ. ಹಾಗಾಗಿ ನಾನು ಬಳಸುವುದು 1064 ನ್ಯಾನೊಮೀಟರಿನ ಲಾಂಗ್ ಪಲ್ಸ್ ಎನ್‌ಡಿ ಯಾಗ್ ಎಂಬ ಲೇಸರ್. ಮೆಲನಿನ್ ಇದನ್ನು ಅಷ್ಟಾಗಿ ಹೀರುವುದಿಲ್ಲ. ಆದರೆ ಶಕ್ತಿ ಹೆಚ್ಚು ಬೇಕು, ಆಳಕ್ಕೂ ಇಳಿಯುತ್ತದೆ, ನೋವೂ ಇದೆ.

ಮೊದಲು ಕಿವಿಯ ಹತ್ತಿರ ಒಂದು ನರಕ್ಕೆ ಹೊಡೆದು, ಕೆಲವು ವಾರ ಬಿಟ್ಟು ಚರ್ಮ ನೋಡುತ್ತೇನೆ. ಕಣ್ಣಿಗೆ ರಕ್ಷಣೆ ಕಡ್ಡಾಯ. ಮೆಷಿನ್ನಿನ ತಣ್ಣನೆಯ ತುದಿಯನ್ನು ಚರ್ಮದ ಮೇಲೆ ಹಗುರವಾಗಿ ಇಡಬೇಕು. ಒತ್ತಿದರೆ ನರದ ರಕ್ತ ಪಕ್ಕಕ್ಕೆ ಸರಿದು, ಬೆಳಕು ಹೀರಲು ಅಲ್ಲಿ ಏನೂ ಉಳಿಯುವುದಿಲ್ಲ. ಬೆಳಕು ಮಿಂಚಿದ ಕೂಡಲೇ ನರ ಮಾಯವಾಗಬೇಕು, ಇಲ್ಲವೇ ಕಪ್ಪಗಾಗಬೇಕು. ಅಷ್ಟು ಸಾಕು. ಮೇಲಿನ ಚರ್ಮ ಬೂದು ಬಣ್ಣಕ್ಕೆ ತಿರುಗಿದರೆ ಶಕ್ತಿ ಜಾಸ್ತಿಯಾಯಿತು ಎಂದೇ ಲೆಕ್ಕ, ಅಲ್ಲಿಗೇ ನಿಲ್ಲಿಸಬೇಕು. ಒಂದೇ ಜಾಗಕ್ಕೆ ಅದೇ ದಿನ ಮತ್ತೆ ಹೊಡೆಯುವುದಿಲ್ಲ.

ಮೂಗಿನ ಹೊಳ್ಳೆಯ ಪಕ್ಕದ ಮಡಿಕೆಯಲ್ಲಿ ಇನ್ನೂ ಜಾಗ್ರತೆ ಬೇಕು. ಅಲ್ಲಿನ ನರಗಳು ಹಠಮಾರಿ, ಹಾಗೆಂದು ಶಕ್ತಿ ಏರಿಸಿದರೆ ಗುಳಿ ಬೀಳುತ್ತದೆ. "ಇನ್ನೊಂದು ಸಲ ಹೊಡೀರಿ ಮೇಡಂ, ತಡ್ಕೋತೀನಿ" ಎನ್ನುತ್ತಾರೆ. ನಾನು ಐಸ್ ಪ್ಯಾಕ್ ಕೊಟ್ಟು, ಸನ್‌ಸ್ಕ್ರೀನ್ ಬರೆದು, ಮುಂದಿನ ತಿಂಗಳು ಬನ್ನಿ ಎಂದು ಕಳಿಸುತ್ತೇನೆ.