ಕರಿ ಕಂಬಳಿ ಮತ್ತು ಟಾರ್ಚ್: ಬೆಂಗಳೂರಿನ ಶಾಸನ ನಡಿಗೆಯಲ್ಲಿ ನನ್ನ ಅನುಭವ

ಲಾಲ್‌ಬಾಗ್, ಅರಮನೆ ಮತ್ತು ಕೊನೆಯಲ್ಲೊಂದು ಮಸಾಲೆ ದೋಸೆ ಇಲ್ಲದ ನಡಿಗೆಗೆ ಬೆಂಗಳೂರಿನಲ್ಲಿ ಯಾರೂ ಹಣ ಕೊಡುವುದಿಲ್ಲವೆಂದು ಜನರನ್ನು ಕರೆದೊಯ್ದು ಊರಿನ ಹಳೆಯ ಜಾಗಗಳನ್ನು ತೋರಿಸುವ ಕೆಲಸದಲ್ಲಿರುವ ಗೆಳೆಯರೆಲ್ಲ ನನಗೆ ಹೇಳಿದ್ದರು. ಅವರಲ್ಲಿ ಹಿರಿಯರೊಬ್ಬರು, "ಕಲ್ಲು ತೋರಿಸಿ ಹೊಟ್ಟೆ ತುಂಬುವುದುಂಟೇನಯ್ಯಾ?" ಎಂದು ಎಲ್ಲರೆದುರು ನಕ್ಕಿದ್ದರು. ಈಗ ಅವರ ತಂಡದವರೇ ಬೇಗೂರಿನ ಶಾಸನಗಳನ್ನು ನೋಡಲು ಹೋಗುವ ಮುನ್ನ ನನಗೆ ಫೋನ್ ಮಾಡಿ, ಯಾವ ಹೊತ್ತಿನ ಬೆಳಕು ಒಳ್ಳೆಯದೆಂದು ಕೇಳುತ್ತಾರೆ. ಆದ್ದರಿಂದ ನಾನು ಮಾಡಿದ್ದನ್ನು ಬರೆದಿಡುವುದಕ್ಕೆ ಸಂಕೋಚವೇನೂ ಇಲ್ಲ.

ಮೊದಲು ನಾನು ಕೈಗೆತ್ತಿಕೊಂಡದ್ದು ಶಾಸನಗಳನ್ನಲ್ಲ, ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳನ್ನು. ಲಾಲ್‌ಬಾಗಿನ ಬಂಡೆಯ ಮೇಲಿನದನ್ನು ಎಲ್ಲರೂ ಬಲ್ಲರು. ಕೆಂಪಾಂಬುಧಿ ಕೆರೆ, ಹಲಸೂರು ಕೆರೆ ಮತ್ತು ಮೇಖ್ರಿ ವೃತ್ತದ ಬಳಿಯವನ್ನು ನೋಡಿದವರು ಕಡಿಮೆ. ನಾಲ್ಕನ್ನೂ ಒಂದೇ ಬೆಳಗಿನಲ್ಲಿ ತೋರಿಸುವುದು ಕಾಗದದ ಮೇಲೆ ಸೊಗಸಾದ ಯೋಜನೆಯಾಗಿತ್ತು. ಅರ್ಧ ದಿನಕ್ಕೆ ಮಿನಿಬಸ್ಸಿಗೆ ಆರೇಳು ಸಾವಿರ ರೂಪಾಯಿ, ತಲೆಗೆ ₹250 ಶುಲ್ಕ, ಬಂದವರು ಹತ್ತು ಹನ್ನೆರಡು ಮಂದಿ. ಲೆಕ್ಕ ಯಾರಿಗಾದರೂ ಅರ್ಥವಾಗುತ್ತದೆ. ಜನ ಬಸ್ಸಿನಲ್ಲಿ ಕಳೆದ ಹೊತ್ತು ಗೋಪುರದ ಬುಡದಲ್ಲಿ ಕಳೆದದ್ದಕ್ಕಿಂತ ಮೂರು ಪಟ್ಟು ಹೆಚ್ಚಿತ್ತು. ಮೇಲಾಗಿ, ಗೋಪುರದ ಎದುರು ನಿಂತವರು ಫೋಟೊ ತೆಗೆದುಕೊಂಡ ಮೇಲೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ಆ ಯೋಜನೆ ನನ್ನಿಂದ ಹತ್ತಿರ ಹತ್ತಿರ ಮೂವತ್ತು ಸಾವಿರ ರೂಪಾಯಿ ನುಂಗಿತು.

ಆಗ ಹೊಳೆದದ್ದು ಇಷ್ಟೇ: ಹಣ ಕೊಟ್ಟು ಬಂದವರಿಗೆ ನೋಡುವುದಲ್ಲದೆ ಮಾಡುವ ಕೆಲಸವೂ ಒಂದಿರಬೇಕು, ಮತ್ತು ಒಂದು ಬೆಳಗಿಗೆ ಒಂದೇ ಜಾಗ ಸಾಕು. ಶಾಸನದ ಮುಂದೆ ಆ ಕೆಲಸ ತಾನಾಗಿಯೇ ಸಿದ್ಧವಾಗಿರುತ್ತದೆ, ಅದು ಓದುವ ಕೆಲಸ. ನಾವೆಲ್ಲ ಮಾಡುವಂತೆ ಶಾಸನದ ಕಥೆಯನ್ನು ನಾನೇ ಹೇಳಿ ಮುಗಿಸುವ ಬದಲು, ಬಂದವರ ಕೈಗೆ ಆಯಾ ಶತಮಾನದ ಅಕ್ಷರಗಳ ಒಂದು ಹಾಳೆ ಕೊಟ್ಟು, ತಲೆಗೊಂದು ಸಾಲು ಹಂಚಿ, ಅವರಿಂದಲೇ ಓದಿಸಲು ನಿರ್ಧರಿಸಿದೆ. ಜಾಗಗಳ ಆಯ್ಕೆಗೆ ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 9ನೇ ಸಂಪುಟವೇ ಆಧಾರ. ಅದರಲ್ಲಿ ಹಳ್ಳಿಯೆಂದು ನಮೂದಾದ ಅದೆಷ್ಟೋ ಊರುಗಳು ಇಂದು ನಮ್ಮ ಬಡಾವಣೆಗಳು.

ಓದಿಸುವುದೆಂದರೆ ಅಕ್ಷರ ಕಾಣಬೇಕಲ್ಲ. ಹಗಲು ನೆತ್ತಿಯ ಬಿಸಿಲಿಗೆ ಸವೆದ ಕಲ್ಲು ಬರೀ ಬೂದು ಚಪ್ಪಡಿಯಾಗಿ ಕಾಣುತ್ತದೆ. ಸೀಮೆಸುಣ್ಣ ತುಂಬುವುದು, ಮೈದಾ ಹಿಟ್ಟು ಸವರುವುದು ನಮ್ಮವರಲ್ಲಿ ರೂಢಿಯಲ್ಲಿದೆ; ನನಗೆ ಎರಡೂ ಹಿಡಿಸಲಿಲ್ಲ. ಹಿಟ್ಟು ಸವರಿದಾಗ ಕಲ್ಲಿನ ಚಕ್ಕೆ ಎದ್ದ ಜಾಗವೂ ಅಕ್ಷರದಂತೆಯೇ ಬೆಳ್ಳಗಾಗಿ ಓದುಗನನ್ನು ದಾರಿ ತಪ್ಪಿಸುತ್ತದೆ. ನೀರು ಚಿಮುಕಿಸಿದರೆ ಕಲ್ಲು ಒಣಗುವವರೆಗೆ ಮಾತ್ರ ಆಟ.

ಕೊನೆಗೆ ಫಲ ಕೊಟ್ಟದ್ದು ಕರಿ ಕಂಬಳಿ. ಕುರಿ ಉಣ್ಣೆಯ ದಪ್ಪ ಕಂಬಳಿ, ಸುಮಾರು ₹1,100. ಇಬ್ಬರು ಎತ್ತರದವರು ಅದನ್ನು ಕಲ್ಲಿನ ಮೇಲೆ ಚಪ್ಪರದಂತೆ ಹಿಡಿಯುತ್ತಾರೆ, ಅಂಚುಗಳು ಕಲ್ಲಿನ ಎರಡು ಬದಿಗೆ ಇಳಿಬೀಳುತ್ತವೆ, ಓದುವವರು ಒಳಗೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ನಾನು ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಒರಗಿಸಿ, ಎಡಬದಿಯಿಂದ ಓರೆಯಾಗಿ ಬೆಳಕು ಬಿಡುತ್ತೇನೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಉಳಿಯ ಪ್ರತಿ ಗೀರಿನಲ್ಲೂ ನೆರಳು ನಿಂತು ಸಾಲುಗಳು ಮೇಲೇಳುತ್ತವೆ. ಅಡ್ಡಗೀರುಗಳು ಮಾತ್ರ ಬದಿಯ ಬೆಳಕಿಗೆ ಮಂಕಾಗುತ್ತವೆ. ಅವಕ್ಕಾಗಿ ಟಾರ್ಚನ್ನು ಮೇಲ್ತುದಿಗೆ ಒಯ್ಯಬೇಕು. ತಲೆಕಟ್ಟು ತಪ್ಪಾಗಿ ಓದಿದವರೆಲ್ಲ ಬಹುತೇಕ ಒಂದೇ ಕಡೆಯ ಬೆಳಕು ನಂಬಿ ಕೆಟ್ಟವರು. ಟಾರ್ಚಿನ ಬಾಯಿಗೆ ನಾನು ಕಟ್ಟುವ ವಸ್ತುವೊಂದಿದೆ. ಅದಿಲ್ಲದಿದ್ದರೆ ಬೆಳಕು ಹತ್ತಿರದಲ್ಲಿ ಕಣ್ಣು ಕುಕ್ಕಿ ದೂರದಲ್ಲಿ ಸಾಯುತ್ತದೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ; ನಡಿಗೆಗೆ ಬಂದವರು ಹೇಗೂ ನೋಡುತ್ತಾರೆ.

ಈ ವಿಧಾನ ಗೆದ್ದದ್ದು ಬೇಗೂರಿನಲ್ಲಿ. ಪಂಚಲಿಂಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನದಲ್ಲಿ ಬೆಂಗಳೂರು ಎಂಬ ಊರಿನ ಹೆಸರು ಹೇಳಿ, ಅಲ್ಲಿ ನಡೆದ ಕಾಳಗದ ಪ್ರಸ್ತಾಪವಿದೆ. ಕೆಂಪೇಗೌಡರು ಕೋಟೆ ಕಟ್ಟಿದ 1537ಕ್ಕಿಂತ ಆರು ಶತಮಾನಕ್ಕೂ ಹೆಚ್ಚು ಹಿಂದಿನ ಮಾತು ಅದು. ನಾನು ಬಾಯಲ್ಲಿ ಹೇಳಿದಾಗಲೆಲ್ಲ ಜನ ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದರು. ಅಕ್ಷರದ ಹಾಳೆ ಹಿಡಿದು ಬ, ಗ, ಳ ಎಂದು ಒಂದೊಂದನ್ನೇ ಕೂಡಿಸುತ್ತ ಬಂದ, ಬ್ಯಾಂಕಿನಿಂದ ನಿವೃತ್ತರಾದ ತಾಯಿಯೊಬ್ಬರು ಊರ ಹೆಸರು ಕೂಡಿಬಂದಾಗ ಕಂಬಳಿಯೊಳಗಿಂದಲೇ ಕೂಗಿಬಿಟ್ಟರು. ಹೊರಗೆ ಕಂಬಳಿ ಹಿಡಿದವರೂ ಅದನ್ನು ಕೈಬಿಟ್ಟು ಒಳಗೆ ನುಗ್ಗಿದರು. ಅಂದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಂದಿನ ತಿಂಗಳ ನಡಿಗೆಗೆ ಅಲ್ಲೇ ಹಣ ಕಟ್ಟಿದರು. ಗಂಗರ ಅಧಿಕಾರಿ ನಾಗತ್ತರನ ಕಾಳಗವನ್ನು ಕೆತ್ತಿರುವ ಬೇಗೂರಿನ ಇನ್ನೊಂದು ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು, ಬೇಗೂರಿಗೆ ಬಂದವರಿಗೆ ಅದರ ದಾರಿಯನ್ನೂ ತಿಳಿಸಿ ಕಳುಹಿಸುತ್ತೇನೆ.

ಹೆಬ್ಬಾಳದಲ್ಲಿರುವ, ಕಿತ್ತಯ್ಯನೆಂಬ ವೀರನ ಕಲ್ಲು ಇದಕ್ಕಿಂತ ಹಳೆಯದು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು 750ರ ಆ ವೀರಗಲ್ಲು 2018ರಲ್ಲಿ ಚರಂಡಿ ಅಗೆಯುವಾಗ ಮತ್ತೆ ಕಣ್ಣಿಗೆ ಬಿತ್ತು. ಈಗ ಅದಕ್ಕೊಂದು ಮಂಟಪವಿದೆ. ಅಲ್ಲಿ ಓದು ಕಷ್ಟ, ಹೊಸಬರನ್ನು ಮೊದಲು ಒಯ್ಯಬೇಡಿ. ಅಗರದ 9ನೇ ಶತಮಾನದ ಶಾಸನ ಕೆರೆ ಮತ್ತು ತೂಬಿನ ಸಂಗತಿ ಹೇಳುವುದರಿಂದ, ನೀರಿನ ಚಿಂತೆಯಲ್ಲಿರುವ ಅಪಾರ್ಟ್‌ಮೆಂಟಿನವರಿಗೆ ಅದು ತುಂಬ ಇಷ್ಟ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಾಲಯದ 1669ರ ಶಾಸನವೋ ಸುಲಭವಾಗಿ ಗಿರಾಕಿ ತರುವಂಥದ್ದು: ಶಿವಾಜಿಯ ಮಲತಮ್ಮ ಏಕೋಜಿ ಮೇದರನಿಂಗನಹಳ್ಳಿಯನ್ನು ದೇವರಿಗೆ ಬಿಟ್ಟ ಸುದ್ದಿ ಎಂದರೆ ಸಾಕು, ನಡಿಗೆ ತುಂಬುತ್ತದೆ. ಕೋಟೆಯ ಬಳಿ, 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ ನುಗ್ಗಿದ ಬಿರುಕನ್ನು ಗುರುತಿಸುವ ಇಂಗ್ಲಿಷ್ ಫಲಕವಿದೆಯಲ್ಲ, ಕೆ.ಆರ್. ಮಾರುಕಟ್ಟೆಗೆ ದಿನವೂ ಬರುವವರೇ ಅದನ್ನು ನೋಡಿರುವುದಿಲ್ಲ. ಆದರೆ ಅಲ್ಲಿ ಕಂಬಳಿಗೆ ಕೆಲಸವಿಲ್ಲದ ಕಾರಣ ನನಗೆ ಅಷ್ಟು ಉತ್ಸಾಹವಿಲ್ಲ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಪುರಾತತ್ವ ಇಲಾಖೆಯವರು ಮಾಡುವಂತೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಹಚ್ಚಿ ಅಚ್ಚು ತೆಗೆಯುವುದನ್ನು ಜನರಿಂದ ಮಾಡಿಸಬೇಕೆಂಬ ಹುಚ್ಚು ಅದು. ನಿಜವಾದ ಶಾಸನದ ಮೇಲೆ ಮಸಿ ಚೆಲ್ಲುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ಕಲ್ಲುಕುಟಿಗರೊಬ್ಬರಿಂದ ಚಪ್ಪಡಿಯೊಂದರ ಮೇಲೆ ನಾಲ್ಕು ಸಾಲು ಗಂಗರ ಲಿಪಿ ಕೆತ್ತಿಸಿದೆ. ಕೂಲಿ ಎರಡು ಸಾವಿರದ ಆಸುಪಾಸು. ಅಚ್ಚು ಅಂದವಾಗಿಯೇ ಬಂತು, ಆದರೆ ಇಪ್ಪತ್ತೈದು ಕಿಲೊ ಚಪ್ಪಡಿಯನ್ನು ಸ್ಕೂಟರಿನಲ್ಲಿ ಹೊತ್ತು ತಿರುಗುವುದು ನನ್ನ ಸೊಂಟಕ್ಕೆ ಒಗ್ಗಲಿಲ್ಲ. ಈಗ ಅದು ಮನೆಯಲ್ಲಿದೆ. ಶಾಲೆಯ ಮಕ್ಕಳು ಬಂದಾಗ ತಲೆಗೆ ₹100 ಪಡೆದು ಅಚ್ಚು ತೆಗೆಸುತ್ತೇನೆ. ಕಾಗದವನ್ನು ಕಲ್ಲಿನಿಂದ ಬಿಡಿಸಿಕೊಳ್ಳುವ ಹೊತ್ತು ತಿಳಿಯುವುದಕ್ಕೆ ಬಹಳಷ್ಟು ಕಾಗದ ಹರಿದುಹೋಯಿತು.

ಹಣದ ಮಾತು: ಈಗ ಶುಲ್ಕ ₹450, ಮಿತಿ ಹದಿನಾಲ್ಕು ಜನ, ಏಕೆಂದರೆ ಕಂಬಳಿಯೊಳಗೆ ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿನಿಬಸ್ ಬಿಟ್ಟೆ, ಬಿಎಂಟಿಸಿಯಲ್ಲೋ ಮೆಟ್ರೊದಲ್ಲೋ ಅವರವರೇ ಬರುತ್ತಾರೆ. ಹಾಳೆಗಳ ಜೆರಾಕ್ಸ್, ಕಾಫಿ, ದೇವಸ್ಥಾನದ ಹುಂಡಿಗೆ ಹಾಕುವುದು, ಎಲ್ಲ ಸೇರಿ ಒಂದು ನಡಿಗೆಗೆ ₹1,200 ಖರ್ಚು. ಉಳಿದದ್ದು ನನ್ನದು. ಗೋಪುರದ ನಷ್ಟ ಒಂದೂವರೆ ವರ್ಷದೊಳಗೆ ತೀರಿತು. ಅರ್ಚಕರನ್ನು ಹಿಂದಿನ ದಿನವೇ ಕಂಡು ಮಾತಾಡುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಪೂಜೆಯ ಹೊತ್ತಿನಲ್ಲಿ ಕಂಬಳಿ ಬಿಚ್ಚಬಾರದು ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವುದರಿಂದ ಕಂಬಳಿಯ ಕಾಲ ಮುಗಿಯಿತೆಂದು ಗೆಳೆಯರೊಬ್ಬರು ಹೇಳಿದರು. ಆ ಚಿತ್ರಗಳಿಂದ ನನಗಾದದ್ದು ಲಾಭವೇ. ಯಾವ ಸಾಲು ಉಳಿದಿದೆ, ಯಾವುದು ಸವೆದಿದೆ ಎಂದು ಮನೆಯಲ್ಲೇ ನೋಡಿಕೊಂಡು, ಸವೆದ ಸಾಲು ಯಾರ ಪಾಲಿಗೂ ಬಾರದಂತೆ ಹಂಚುತ್ತೇನೆ. ಇನ್ನು ಉಳಿದಿರುವುದು ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯ. ಅಲ್ಲಿಯವು ತಮಿಳು ಶಾಸನಗಳಾದ್ದರಿಂದ ಹಳೆಯ ತಮಿಳು ಲಿಪಿ ಓದಿಸಬಲ್ಲ ಜೊತೆಗಾರರೊಬ್ಬರು ಬೇಕು. ಶುಲ್ಕದಲ್ಲಿ ಅರ್ಧ ಪಾಲು ಕೊಡುತ್ತೇನೆ. ಕಂಬಳಿ, ಟಾರ್ಚ್ ನನ್ನವು.